ಕುತ್ತಿಗೆಯವರೆಗೆ ತುಂಬಿದ ಶೀಶೆ

ಶೀಶೆಯಲ್ಲಿ ಸ್ಪಿರಿಟ್ ಕುತ್ತಿಗೆಯವರೆಗೆ ತುಂಬಿತ್ತು. ಕೆಂಪು ಅಂಚಿನ ಚೀಟಿ ಒಳಗೇ ಇತ್ತು. ಶಂಖದ ಹುಳು ಮಾತ್ರ ಇರಲಿಲ್ಲ.

"ಹನ್ನೊಂದು ವರ್ಷ..." ಎಂದಳು ಸಂಶೋಧಕಿ.

ಅವಳು ನಮ್ಮ ಓಣಿಯವಳು. ನನ್ನಕ್ಕ ಪೊಲೀಸ್ ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷವಾದರೂ, ಏನಾದರೂ ಕಳೆದರೆ ಜನ ಬಡಿಯುವುದು ನಮ್ಮ ಬಾಗಿಲನ್ನೇ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಅಕ್ಕನೂ ನಾನೂ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿದ್ದೆವು.

ವಿಷಯ ಇಷ್ಟು. ಕಡಲಿನ ಸಾವಿರದ ನಾನೂರು ಮೀಟರ್ ಆಳದಿಂದ ಬಂದ, ಹೆಬ್ಬೆರಳ ಗಾತ್ರದ ಹುಳು ಅದು. ಚಿಪ್ಪು ನೋಡಿದರೆ ಮೊದಲೇ ಹೆಸರಿಟ್ಟ ಹಳೆಯ ಕುಲದ್ದೇ, ಜೀನಸ್ಸಿನದ್ದೇ, ಅನ್ನಿಸುತ್ತದೆ. ನಾಲಿಗೆಯ ಮೇಲಿನ ಹಲ್ಲಿನ ಸಾಲು ಎಣಿಸಿದರೆ ಬೇರೆಯೇ ಕುಲ. ಮೈ ಸಮೇತ ಸಿಕ್ಕಿದ್ದು ಇದೊಂದೇ. ಮಧ್ಯಾಹ್ನ ಮೂರಕ್ಕೆ ಪರೀಕ್ಷಕರು ಬಂದು ಹಲ್ಲು ಎಣಿಸುವವರಿದ್ದರು. ಹುಳು ಸಿಗದಿದ್ದರೆ ಹೊಸ ಕುಲವೂ ಇಲ್ಲ, ಅವಳ ಹನ್ನೊಂದು ವರ್ಷವೂ ಇಲ್ಲ.

ಅವಳನ್ನು ಬಿಟ್ಟರೆ ಕೀಲಿ ಇದ್ದದ್ದು ಮೂವರ ಬಳಿ.

ಮೊದಲನೆಯವನು ಉಗ್ರಾಣ ನೋಡಿಕೊಳ್ಳುವ, ಎಲ್ಲರೂ ಶೀಶೆಯಣ್ಣ ಎಂದೇ ಕರೆಯುವವನು. ಎಲ್ಲರ ಕಣ್ಣೂ ಅವನ ಮೇಲೆಯೇ. ಸಾವಿರಾರು ಚೀಟಿಗಳನ್ನು ನೋಡದೆ ಪಾರಾಯಣ ಮಾಡುವ ಮನುಷ್ಯ, ಆವತ್ತು ಪ್ರತಿ ಪ್ರಶ್ನೆಗೂ ತಡವರಿಸಿದ.

"ಈ ಶೀಶೆಗೆ ಸ್ಪಿರಿಟ್ ಹಾಕಿದ್ದು ಯಾವಾಗಣ್ಣ?"

"ಹೋದ ತಿಂಗಳಮ್ಮ. ಆಮೇಲೆ ಮುಟ್ಟಿಲ್ಲ. ಮಕ್ಕಳಾಣೆ."

ಅಕ್ಕ ಕಪಾಟಿನುದ್ದಕ್ಕೂ ಶೀಶೆಗಳ ಮೇಲೆ ಬೆರಳಾಡಿಸುತ್ತಾ ಆ ತುದಿಯವರೆಗೆ ನಡೆದು ವಾಪಸು ಬಂದಳು.

ಎರಡನೆಯವನು ಚಿತ್ರಗಾರ. ಸ್ಪಿರಿಟ್ ವಾಸನೆಗೆ ತಲೆ ಸಿಡಿಯುತ್ತದೆ, ಶೀಶೆ ತೆರೆದವನೇ ಅಲ್ಲ, ಫೋಟೋ ನೋಡಿಯೇ ಬರೆಯುತ್ತೇನೆ ಎಂದ. "ಈ ಸುರುಳಿ ಬರೆದೂ ಬರೆದೂ, ಮೊನ್ನೆ ನನ್ನ ಹೆಂಡತಿ ಮುಖ ಬರೆದ್ರೆ ಮೂಗಿಗೂ ಸುರುಳಿ ಬಂತು ಮೇಡಂ." ಯಾರೂ ನಗಲಿಲ್ಲ.

ಮೂರನೆಯವರು ಮೇಷ್ಟ್ರು. ನಲವತ್ತು ವರ್ಷದ ಹಿಂದೆ ಆ ಹಳೆಯ ಕುಲವನ್ನು ಗುರುತಿಸಿ ಹೆಸರಿಟ್ಟವರು, ಸಂಶೋಧಕಿಗೆ ವಿದ್ಯೆ ಕೊಟ್ಟವರು. ನಾವು ಹೋದಾಗ ಮೇಜಿನ ಮೇಲೆ ತಮ್ಮದೊಂದು ಹುಳುವನ್ನು ಚಿಮಟದಲ್ಲಿ ಹಿಡಿದು ಶೀಶೆಗೆ ಇಳಿಸುತ್ತಿದ್ದರು.

"ಶೀಶೆಯಣ್ಣ ಕಳ್ಳ ಅಂತ ನಾನು ಹೇಳಲ್ಲ," ಎನ್ನುತ್ತಾ ಸ್ಪಿರಿಟ್ ಸುರಿದರು, ತುಂಬಿಸಿದರು, ಮುಚ್ಚಳ ತಿರುಗಿಸಿದರು. "ವಯಸ್ಸಾಯ್ತು ನೋಡಿ, ಮರೆವು."

ಹೊರಗೆ ಬಂದ ಮೇಲೆ ಅಕ್ಕ ನನ್ನನ್ನು ಕೇಳಿದಳು— "ಏನು ನೋಡಿದೆ?"

"ಮೇಷ್ಟ್ರ ಕೈ ಚೂರೂ ನಡುಗಲಿಲ್ಲ."

"ಕೈ ನೋಡಿದೆ. ಶೀಶೆ ನೋಡ್ಲಿಲ್ಲ."

ಎರಡು ಗಂಟೆಗೆ ಎಲ್ಲರನ್ನೂ ಕಪಾಟಿನ ಮುಂದೆ ಸೇರಿಸಿದಳು.

"ಹುಳು ತೆಗೆದ್ರೆ ಸ್ಪಿರಿಟ್ ಮಟ್ಟ ಇಳೀಬೇಕು. ಇಲ್ಲಿ ಏರಿದೆ. ಶೀಶೆಯಣ್ಣ, ನೀನು ಎಷ್ಟು ತುಂಬ್ತೀಯ?"

"ಎರಡು ಬೆರಳು ಖಾಲಿ ಬಿಡ್ತೀನಮ್ಮ. ಸೆಕೆಗೆ ಸ್ಪಿರಿಟ್ ಉಬ್ಬುತ್ತೆ, ಮುಚ್ಚಳ ಸಡಿಲ ಆಗುತ್ತೆ."

ನಾವು ಸಾಲಿನ ಕಡೆ ತಿರುಗಿದೆವು. ಒಂದೊಂದು ಶೀಶೆಯಲ್ಲೂ ಎರಡು ಬೆರಳು ಖಾಲಿ. ಬೆಳಿಗ್ಗೆಯಿಂದ ಎಲ್ಲರ ಕಣ್ಣೆದುರೇ ಇತ್ತು.

"ಇನ್ಯಾರೋ ಆಗಿದ್ರೆ ಹುಳು ತೆಗೆದುಕೊಂಡು, ಶೀಶೆ ಹಾಗೇ ಬಿಟ್ಟು ಹೋಗ್ತಿದ್ರು," ಎಂದಳು ಅಕ್ಕ. "ಇವರಿಗೆ ಆಗಲಿಲ್ಲ. ಗಾಳಿ ಸೇರಿದ್ರೆ ಹುಳು ಒಣಗುತ್ತೆ ಅಂತ ಕುತ್ತಿಗೆವರೆಗೆ ತುಂಬಿ ತುಂಬಿ ರೂಢಿಯಾದ ಕೈ. ಒಳಗೆ ಹುಳು ಇಲ್ಲ ಅನ್ನೋದೂ ಆ ಕೈಗೆ ನೆನಪಿರಲಿಲ್ಲ. ಬೆಳಿಗ್ಗೆ ನಮ್ಮೆದುರಿಗೇ ಇನ್ನೊಂದು ಶೀಶೆ ಹಾಗೇ ತುಂಬಿದ್ರಿ. ಅಲ್ವಾ ಮೇಷ್ಟ್ರೇ?"

ಸಂಶೋಧಕಿ ತಲೆಯೆತ್ತಿದಳು. "ಸರ್... ನೀವಾ?"

ಮೇಷ್ಟ್ರು ಕಪಾಟಿಗೆ ಬೆನ್ನು ಮಾಡಿ ಅವಳ ಕಡೆ ತಿರುಗಿದರು.

"ಆ ಹಲ್ಲಿನ ಲೆಕ್ಕ ಸರಿಯಾದ್ರೆ, ನನ್ನ ಕುಲದ ಅರ್ಧಕ್ಕರ್ಧ ಹುಳುಗಳು ನಿನ್ನ ಕುಲಕ್ಕೆ ಹೋಗುತ್ವೆ ಮಗಳೇ," ಎಂದರು. "ನಾನೂ ಎಣಿಸಿದೆ. ಸರಿಯಾಗೇ ಇದೆ. ನಿನ್ನೆ ಸಂಜೆ ಎಸೆಯೋಕೆ ಅಂತ ಸೇತುವೆವರೆಗೂ ಹೋದೆ. ಕೈ ಬರಲಿಲ್ಲ."

ಚೀಲದಿಂದ ಕರವಸ್ತ್ರದ ಗಂಟು ತೆಗೆದು ಅವಳ ಅಂಗೈಯಲ್ಲಿಟ್ಟರು. ಅವಳು ಬಿಚ್ಚಿದಳು. ಪುಟ್ಟದೊಂದು ಔಷಧಿ ಶೀಶೆ. ಒಳಗೆ ಹುಳು, ಒಂದು ಚೂರೂ ಮುಕ್ಕಾಗದೆ.

ಆ ಶೀಶೆಯೂ ಕುತ್ತಿಗೆಯವರೆಗೆ ತುಂಬಿತ್ತು.