ಹವಾಲ್ದಾರನ ಟಿಪ್ಪಣಿ ಪುಸ್ತಕ

"ಒಳಗೆ ಬನ್ನಿ ಮಾರಾಯ್ರೆ, ಬಾಗಿಲಲ್ಲೇ ನಿಂತ್ರಲ್ಲ!"

ತಾರಾನಾಥರು ಎರಡು ಬಾರಿ ಕರೆದರು. ಮೂರು ಬಾರಿ ಎನ್ನುವವರೂ ಇದ್ದಾರೆ. ಆದರೂ ಹವಾಲ್ದಾರ ವಿಕಾಸ್ ಹೊಸ್ತಿಲು ದಾಟಲಿಲ್ಲ. ಅವನ ದೃಷ್ಟಿ ಮೂಲೆಯ ಕುರ್ಚಿಯಲ್ಲಿದ್ದ ಅಪ್ಪಿ ಅಜ್ಜಿಯ ಮೇಲಿತ್ತು.

"ಬಲೆ ಮಗಾ, ಉಲಾಯಿ ಬಲೆ," ಎಂದು ಅಜ್ಜಿ ತುಳುವಿನಲ್ಲಿ ಕರೆದ ಮೇಲೆಯೇ ಅವನು ಒಳಗೆ ಬಂದ.

ಅಡುಗೆಮನೆಯ ಬಾಗಿಲಲ್ಲಿದ್ದ ತಾರಾನಾಥರ ಮಗಳು ಪೂಜಿತಾ ಇದನ್ನು ಗಮನಿಸಿದಳು. ಈ ಮನೆಯಲ್ಲಿ ಅಜ್ಜಿಯ ಮಾತೇ ಕೊನೆಯದೆಂದು ಇವನಿಗೆ ಯಾರು ಹೇಳಿದರು?

ಅದು ೨೦೧೨. ವರ್ತಕ ನಗರದ ಈ ಮನೆಯವರು ಮರಾಠಿ ಸೀಮೆಗೆ ಬಂದು ನೆಲೆಸಿದ ಉಡುಪಿ ಕಡೆಯವರು. ವಿಕಾಸ್ ಅಲ್ಲೇ ಹತ್ತಿರದ ಕಲ್ಯಾಣದಲ್ಲಿ ಬೆಳೆದ ಗುಲ್ಬರ್ಗದ ಹುಡುಗ. ತಾರಾನಾಥರ ಹೋಟೆಲಿನಲ್ಲಿ ನಿತ್ಯ ಉಣ್ಣುತ್ತಿದ್ದ ಅವನ ಸೋದರಮಾವ ಮಾಪಣ್ಣ ಈ ಸಂಬಂಧ ತಂದಿದ್ದರು. ಸೇನೆಯ ಶಾಂತಿಪಾಲನಾ ಪಡೆಯೊಂದಿಗೆ ವಿಕಾಸ್ ಆಫ್ರಿಕಕ್ಕೆ ಹೊರಡಲು ಹದಿನೈದೇ ದಿನ ಉಳಿದಿದ್ದವು. ಅಷ್ಟರೊಳಗೆ ಪೂಜಿತಾ ಉತ್ತರ ಹೇಳಬೇಕಿತ್ತು.

ಅಜ್ಜಿ ಬೆಲ್ಲ, ನೀರು ಕೊಟ್ಟರು.

"ಬೆಲ್ಲ ಮೊದಲೇನ್ರಿ, ನೀರು ಮೊದಲೇನ್ರಿ?" ಎಂದು ಅವನು ವಿನಯದಿಂದ ಕೇಳಿದ. ಅಜ್ಜಿ ಕರಗಿಹೋದರು.

'ಇಷ್ಟು ಸರಿಯಾಗಿ ಯಾರಿರುತ್ತಾರೆ? ಏನೋ ನಾಟಕವಿದೆ...' ಎಂದುಕೊಂಡಳು ಪೂಜಿತಾ.

ಮುಂದಿನ ಭಾನುವಾರ ಇಬ್ಬರೂ ತಲಾವ್ ಪಾಳಿಯ ಕೆರೆಯ ದಂಡೆಯಲ್ಲಿ ಕುಳಿತಿದ್ದರು. ಅವನು ಸುಟ್ಟ ಜೋಳ ತರಲು ಹೋದಾಗ, ಅವನ ಚೀಲದಿಂದ ಟಿಪ್ಪಣಿ ಪುಸ್ತಕವೊಂದು ಇಣುಕುತ್ತಿತ್ತು. ತೆಗೆಯುವುದು ತಪ್ಪೆಂದು ಅವಳಿಗೆ ಗೊತ್ತಿತ್ತು. ತೆಗೆದಳು.

'ನಿರ್ಧಾರ ಅಜ್ಜಿಯದು. ಮೊದಲು ಅವರ ವಿಶ್ವಾಸ ಗಳಿಸಬೇಕು. ಮಗಳಿಗೆ ಅನುಮಾನ, ಆತುರ ಬೇಡ.'

ಅವಳು ಎದ್ದು ನಿಂತಳು.

"ಇದೇನು? ನಾವೇನು ನಿಮ್ಮ ದುಶ್ಮನ್ನಾ?" ಹಿಂದಿರುಗಿದವನ ಮುಂದೆ ಪುಸ್ತಕ ಹಿಡಿದು ಕೇಳಿದಳು.

"ಅಲ್ರೀ... ಟ್ರೇನಿಂಗಿನ ರೂಢಿ. ಆರು ದೇಶದ ಸಿಪಾಯಿಗಳು ಕೂಡಿದ್ವಿ. ಅಭ್ಯಾಸಕ್ಕಂತ ಒಂದು ಸುಳ್ಳು ಹಳ್ಳಿ ಕಟ್ಟಿದ್ರು. ನಾ ಸೀದಾ ಗಂಡಸರಿಗೆ ಸೆಲ್ಯೂಟ್ ಹೊಡದೆ. ಅಲ್ಲಿ ಯಜಮಾನಿ ಒಬ್ಬಾಕಿ ಮುದುಕಿ! ಇಡೀ ಹಳ್ಳಿ ಬಾಗಿಲು ಹಾಕ್ಕೊಂತು. ನಾ ಫೇಲ್. ಅವತ್ತಿನಿಂದ ಯಾರ ಮನೀಗೆ ಹೋದ್ರೂ ಕೇಳಿ ಬರಕೊಂತೀನಿ. ನಿಮ್ಮ ಮನೀದು ಮಾವ ಹೇಳಿದ್ರು."

"ಹಾಗಾದ್ರೆ ನಮ್ಮ ಮನೆಯೂ ಪ್ರಾಕ್ಟೀಸ್! ಗೆದ್ದು ಮುಂದಿನ ಹಳ್ಳಿಗೆ ಹೋಗ್ತೀರಿ!"

ಅವಳು ರಿಕ್ಷಾ ಹತ್ತಿದಳು. ಐದು ದಿನ ಅವನ ಫೋನ್ ಎತ್ತಲಿಲ್ಲ.

ಆರನೆಯ ದಿನ, ಎದುರೆದುರೇ 'ಇಲ್ಲ' ಎಂದು ಹೇಳಿಬಿಡಲು ಕಲ್ಯಾಣಕ್ಕೆ ಹೊರಟಳು. ಅಜ್ಜಿ ಒಂದು ಡಬ್ಬಿಯನ್ನು ಕೈಗೆ ತುರುಕಿದರು. "ಬರಿಗೈಯಲ್ಲಿ ಹೋಗ್ಬೇಡ ಮಗಾ."

ಬಾಗಿಲು ತೆರೆದವರು ವಿಕಾಸನ ತಾಯಿ ಶರಣಬಸಮ್ಮ. ನಗುತ್ತ ಡಬ್ಬಿ ತೆಗೆದರು. ನಗು ಅಲ್ಲೇ ನಿಂತಿತು. ಒಣ ಸಿಗಡಿ ಚಟ್ನಿಯ ವಾಸನೆ ಕೋಣೆಯನ್ನೆಲ್ಲ ತುಂಬಿತು!

"ಯವ್ವಾ... ನಮ್ಮದು ಲಿಂಗ ಕಟ್ಟೋ ಮನಿ. ಇದೆಲ್ಲ ನಡಿಯಂಗಿಲ್ಲವ್ವಾ," ಎಂದರು, ನೋಯದಂತೆ.

ಪೂಜಿತಾಳಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಅಪ್ಪನ ಹೋಟೆಲ್ ಸಸ್ಯಾಹಾರಿ. ಮಾಪಣ್ಣ ಅಲ್ಲಿ ಏಕೆ ಉಣ್ಣುತ್ತಾರೆಂದು ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. 'ಅವನು ನಮ್ಮ ಬೆಲ್ಲ, ನೀರಿನ ಕ್ರಮವನ್ನೂ ಕೇಳಿದ. ಇವರು ಏನು ತಿನ್ನುತ್ತಾರೆಂದಾದರೂ ನಾನು ಕೇಳಿದೆನೆ?'

"ತಪ್ಪಾಯ್ತು ಅಮ್ಮ..."

"ನೀ ಕೇಳಲಿಲ್ಲ, ನಾವೂ ಹೇಳಲಿಲ್ಲ. ಕುಂದ್ರು, ರೊಟ್ಟಿ ಬಡೀತೀನಿ," ಎಂದು ಶರಣಬಸಮ್ಮ ಒಳಗೆ ಹೋದರು.

ವಿಕಾಸ್ ಡಬ್ಬಿಯ ಮುಚ್ಚಳ ಹಾಕಿದ. ಅವಳ ಅನುಮಾನ ಇನ್ನೂ ಪೂರ್ಣವಾಗಿ ಇಳಿದಿರಲಿಲ್ಲ.

"ಟ್ರೇನಿಂಗ್ ಗೀನಿಂಗ್ ಬೇಡ. ಸಚ್ ಬೋಲೋ... ಯಾಕೆ ಬರೆದ್ರಿ?"

ಅವನು ತಲೆ ತಗ್ಗಿಸಿದ. "ಅಲ್ಲಿ ಫೇಲಾದ್ರ ಇನ್ನೊಂದ್ ಸಲ ಕಳಸ್ತಾರ್ರಿ. ನಿಮ್ಮ ಮನ್ಯಾಗ ಫೇಲಾದ್ರ ನೀವು ಸಿಗಂಗಿಲ್ಲ. ಅದಕ್ಕ ಬರದೆ."

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳತೊಡಗಿತು. ಹೇಳಲೆಂದು ತಂದಿದ್ದ 'ಇಲ್ಲ' ಎಂಬ ಮಾತನ್ನು ಅವಳು ಕೈಬಿಟ್ಟಳು.

"ತಿರುಗಿ ಬರ್ಲಿಕ್ಕ ವರ್ಷಾ ಆಗ್ತದ. ಕಾಯ್ತೀರೇನು?"

"ಕಾಯ್ತೇನೆ. ಆದ್ರೆ ಕಾಯುವವಳ ಹತ್ರ ಹೇಗಿರ್ಬೇಕು, ಅದು ಕಲಿಸಿದ್ದಾರಾ?"

"ಇಲ್ರಿ."

"ನಾನು ಕಲಿಸ್ತೇನೆ. ಅಲ್ಲಿ ಹೆದರಿಕೆ ಆದ್ರೆ 'ಸಬ್ ಠೀಕ್' ಅಂತ ಸುಳ್ಳು ಹೇಳ್ಬಾರ್ದು. ನನಗೆ ಹೇಳ್ಬೇಕು."

"ಹಂಗಾರ ಈಗೇ ಹೇಳ್ತೀನಿ, ಪೂಜಿ..." ಅವನು ತಲೆ ಎತ್ತಿ ಅವಳನ್ನು ನೋಡಿದ. "ಅಂಜಿಕಿ ಆಗ್ಲಿಕತ್ತದ."

ಪೂಜಿತಾ ಅವನ ಕೈ ಹಿಡಿದಳು.

"ನಂಗೂ."