ಸೀಬೆಮರದ ಬಲೆಗೆ ಹಾಕಿದ ಗಂಜಿ

"ಸೀಬೆಮರದ ಕೆಳಗಿರೋ ಆ ಒಂದು ಬಲೆ ಬಿಟ್ಟು, ಯಾವುದರ ಫೋಟೊ ಬೇಕಾದ್ರೂ ತಗೋ ಮಗಳೇ," ಮರಗೆಣಸಿನ ಸಿಪ್ಪೆ ಸುಲಿಯುತ್ತಾ ಪೆತ್ರೋನಾ ಅಂದಳು.

ದೆಲ್ಮಿರಾಗೆ ನಗು ಬಂತು. ಜೇಡಗಳನ್ನು ಹತ್ತಿರದಿಂದ ಕ್ಯಾಮೆರಾದಲ್ಲಿ ಸೆರೆಹಿಡಿಯಲು ರಾಜಧಾನಿ ಅಸುನ್ಸಿಯೋನ್ ಬಿಟ್ಟು ಕಸೂತಿಯ ಊರು ಇತಾಗುವಾಕ್ಕೆ ಬಂದು, ಈ ಮನೆಯಲ್ಲಿ ಉಳಿದು ಮೂರು ದಿನವಾಗಿತ್ತು.

"ಯಾಕಮ್ಮ, ಆ ಜೇಡಕ್ಕೆ ನಾಚಿಕೆನಾ?"

"ನಗಬೇಡ. ನಮ್ಮ ನಿಮಿಯಾಗೆ ಏಳು ವರ್ಷ ಇದ್ದಾಗ ಕಣ್ಣಿಗೆ ಮಂಜು ಕವೀತು. ಡಾಕ್ಟರು ಕೈ ಚೆಲ್ಲಿದ್ರು. ಕೊನೆಗೆ ಮಾಟ ಮಾಡೋ ಮುದುಕಿ ಬಂದು ಅದನ್ನ ಕಣ್ಣಿಂದ ಎಳೆದು ಆ ಬಲೇಲಿ ಸಿಗಿಸಿ ಹೋದ್ಲು. ಇಪ್ಪತ್ತು ವರ್ಷ ಆಯ್ತು. ಒಂದು ಜೇಡ ಸತ್ರೆ ಇನ್ನೊಂದು ಬರುತ್ತೆ. ಬಲೆ ಮಾತ್ರ ಹೆಣೆದು ಮುಗಿಯಲ್ಲ. ಮುಗೀಬಾರ್ದು. ಮುಗಿದ ದಿನ ಅದು ಬಿಡಿಸ್ಕೊಂಡು ಬರುತ್ತೆ."

"ಹುಳ ಸಿಕ್ರೆ ಸಾಕಮ್ಮ ಜೇಡಕ್ಕೆ. ಮಾಟ ಎಲ್ಲ ತಿನ್ನಲ್ಲ ಅದು."

ಜಗಲಿಯಲ್ಲಿ ಚೌಕಟ್ಟಿನ ಮುಂದೆ ಕೂತು ಬಲೆಯಂಥ ಕಸೂತಿ ಹೆಣೆಯುತ್ತಿದ್ದ ನಿಮಿಯಾ ತಲೆಯೆತ್ತದೆ ಅಂದಳು, "ಅಮ್ಮನ ಹತ್ರ ವಾದ ಮಾಡ್ಬೇಡ ಅಕ್ಕಾ. ಮಧ್ಯಾಹ್ನ ಬರೀ ತಟ್ಟೆ ಇಡ್ತಾಳೆ."

ಮರುದಿನ ಬೆಳಗ್ಗೆ ಉತ್ತರದ ಬಿಸಿಗಾಳಿ ಎದ್ದಿತು. ಒಂದು ಹನಿ ಇಬ್ಬನಿಯಿಲ್ಲ. ಇಬ್ಬನಿಯಿಲ್ಲದ ಬಲೆ ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ. ತೋಟವೆಲ್ಲ ಸುತ್ತಿ ಬರಿಗೈಯಲ್ಲಿ ಬಂದ ದೆಲ್ಮಿರಾ ಸೀಬೆಮರದ ಬಳಿ ನಿಂತಳು. ಕೊಳೆತ ಹಣ್ಣಿನ ಹುಳಿವಾಸನೆ. ತಟ್ಟೆಯಗಲದ ಬಲೆ. ನಡುವೆ ಹೆಬ್ಬೆರಳಿನ ಗಾತ್ರದ ಜೇಡ, ತಲೆಕೆಳಗಾಗಿ. ಒಂದು ಮೂಲೆಯಲ್ಲಿ ಎಳೆಗಳೇ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಮೊದಲು ನೀರು ಸಿಂಪಡಿಸಿದಳು. ಆಮೇಲೆ ಅಡುಗೆಮನೆಯಿಂದ ಮರಗೆಣಸಿನ ಹಿಟ್ಟು ತಂದು ತೆಳುಬಟ್ಟೆಯಲ್ಲಿ ಕಟ್ಟಿ ಮೆಲ್ಲಗೆ ತಟ್ಟಿದಳು. ಬಲೆ ಬೆಳ್ಳಗೆ ಅರಳಿತು. ಎಳೆಯಿಲ್ಲದ ಮೂಲೆಯಲ್ಲೂ ಹಿಟ್ಟು ನಿಂತಿತು, ಗಾಳಿಯಲ್ಲೇ, ಎಳೆ ಎಳೆಯಾಗಿ.

ಅವಳು ಮೊಣಕಾಲೂರಿ ಜೇಡದ ಮುಖಕ್ಕೆ ಲೆನ್ಸು ತಂದಳು. ಎಂಟು ಕಣ್ಣು. ಒಂದೊಂದರಲ್ಲೂ ಅವಳದೇ ಪುಟ್ಟ ಬಿಂಬ. ಕ್ಲಿಕ್. ಕೂದಲೆಳೆಯಷ್ಟು ಮುಂದೆ. ಕ್ಲಿಕ್. ಮೂರನೆಯ ಫೋಟೊದಲ್ಲಿ ಅವಳ ಬಿಂಬದ ಹಿಂದೆ ಒಂದು ಮಗು ನಿಂತಿತ್ತು, ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು.

ತಿರುಗಿದಳು. ಯಾರೂ ಇಲ್ಲ.

ಮತ್ತೆ ಲೆನ್ಸಿನಲ್ಲಿ ನೋಡಿದಳು. ಮಗು ಹತ್ತಿರ ಬಂದಿತ್ತು. ಕೈಗಳು ಕೆಳಗಿಳಿಯುತ್ತಿದ್ದವು. ಕೈಗಳ ಹಿಂದೆ ಕಣ್ಣಿರಲಿಲ್ಲ. ಬಿಳಿ ಮಾತ್ರ ಇತ್ತು.

ಜಗಲಿಯಿಂದ ನಿಮಿಯಾ ಕೂಗಿದಳು. "ಅಮ್ಮಾ! ಸೂಜಿ ಕಾಣ್ತಿಲ್ಲ! ನನ್ನ ಕೈಯೇ ಕಾಣ್ತಿಲ್ಲ ಅಮ್ಮಾ!"

ಪೆತ್ರೋನಾ ಓಡಿಬಂದಳು, ಸೊಂಟದಲ್ಲಿ ಕಸೂತಿಯ ಕತ್ತರಿ. ಬೆಳ್ಳಗಾದ ಬಲೆ ಕಂಡು ಹೆಜ್ಜೆ ನಿಂತಿತು.

"ಗಂಜಿ ಹಾಕಿದ್ಯಾ?"

"ಬರೀ ಹಿಟ್ಟು ಕಣಮ್ಮ..."

"ನೀರಿಗೆ ಹಿಟ್ಟು ಬಿದ್ರೆ ಗಂಜಿನೇ. ಈ ಮನೇಲಿ ಕಸೂತಿಯ ಕೊನೇ ಎಳೆ ಮುಗಿಯೋವರೆಗೂ ಯಾರೂ ಗಂಜಿ ಹಾಕಲ್ಲ. ಗಂಜಿ ಬಿತ್ತು ಅಂದ್ರೆ ಕೆಲಸ ಮುಗೀತು ಅಂತ ಲೆಕ್ಕ. ಒಣಗಿದ್ಮೇಲೆ ಚೌಕಟ್ಟಿಂದ ಕತ್ತರಿಸೋದು. ಮೊದಲ ದಿನಾನೇ ನೋಡಿದ್ಯಲ್ಲ!"

ನೋಡಿದ್ದಳು. ಚೆಂದದ ಫೋಟೊ ಬಂದಿತ್ತು.

ಪೆತ್ರೋನಾ ಕತ್ತರಿಯನ್ನು ಅವಳ ಅಂಗೈಗಿಟ್ಟಳು. "ಪೂರ್ತಿ ಒಣಗಿದ್ರೆ ಆ ಮಂಜು ನನ್ನ ಮಗಳ ಕಣ್ಣಲ್ಲೇ ಕೂತುಬಿಡುತ್ತೆ. ಅದಕ್ಕೆ ಮುಂಚೆ ಯಾರು ಕತ್ತರಿಸ್ತಾರೋ ಅವರಿಗೆ ಹೋಗುತ್ತೆ. ಹಾಕಿದವಳು ನೀನು."

ಬಿಸಿಗಾಳಿ ಬೀಸಿತು. ಬಲೆಯ ಅಂಚು ಒಣಗುತ್ತ ಬಂತು. ಪಟ್. ಪಟ್. ಒದ್ದೆ ವೃತ್ತ ಕಿರಿದಾಯಿತು. ನಿಮಿಯಾ ಗೋಡೆ ತಡವುತ್ತ ಬರುತ್ತಿದ್ದಳು. ಎಡವಿದಳು. ಎದ್ದಳು. ದೆಲ್ಮಿರಾ ಕತ್ತರಿ ಎತ್ತಿದಳು. ಇದೆಲ್ಲ ಸುಳ್ಳು ಅಂದುಕೊಂಡಳು. ಸುಳ್ಳಾದರೆ ಕತ್ತರಿಸಬಹುದಲ್ಲ. ಕತ್ತರಿಸಲಿಲ್ಲ. ತನ್ನ ಕಣ್ಣುಗಳು ನೆನಪಾದವು, ಈ ಕಣ್ಣಿಂದಲೇ ತನ್ನ ಬದುಕು. ಒಂದು ಹೆಜ್ಜೆ ಹಿಂದೆ ಸರಿದಳು. ಒದ್ದೆ ವೃತ್ತ ಈಗ ಜೇಡದಷ್ಟೇ ಉಳಿದಿತ್ತು.

ಪೆತ್ರೋನಾ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕತ್ತರಿ ತೆಗೆದುಕೊಂಡಳು. ಬೈಯಲಿಲ್ಲ. ಮಗಳ ಕಡೆ ತಿರುಗಿ ಒಮ್ಮೆ ನೋಡಿದಳು, ಅಡಿಯಿಂದ ಮುಡಿಯವರೆಗೆ, ನಿಧಾನವಾಗಿ. ಆಮೇಲೆ ಕತ್ತರಿಸಿದಳು.

ಬಲೆ ಪೆತ್ರೋನಾಳ ಮುಖದ ಮೇಲೆ ಬಿದ್ದು, ಚರ್ಮದೊಳಗೆ ಇಳಿದುಹೋಯಿತು.

ನಿಮಿಯಾ ನಿಂತಲ್ಲೇ ನಿಂತಳು. ತನ್ನ ಕೈ ನೋಡಿಕೊಂಡಳು. ಮರ ನೋಡಿದಳು. ತಾಯಿಯ ಬೆಳ್ಳಗಾದ ಕಣ್ಣು ನೋಡಿದಳು.

ಪೆತ್ರೋನಾ ಗಾಳಿಯಲ್ಲಿ ಕೈ ಚಾಚಿ ದೆಲ್ಮಿರಾಳ ತೋಳು ಹಿಡಿದಳು. "ಅವಳಿಗೆ ಕಾಣ್ತಿದ್ಯಾ? ಸದ್ದೇ ಇಲ್ಲ. ಅಳ್ತಿದ್ದಾಳಾ? ನೋಡಿ ಹೇಳು ಮಗಳೇ, ನಿನಗೆ ಕಣ್ಣಿದ್ಯಲ್ಲ."

ನಿಮಿಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಕೆನ್ನೆಯಿಂದ ಮೊಣಕೈವರೆಗೆ ನೀರು ಹರಿಯುತ್ತಿತ್ತು.

"ಇಲ್ಲಮ್ಮ," ಅಂದಳು ದೆಲ್ಮಿರಾ. "ನಗ್ತಿದ್ದಾಳೆ."