ಒಡೆಯದೆ ಉಳಿದ ಬಾಟಲಿ

2016ರ ಫೆಬ್ರವರಿ 2, ಮಂಗಳವಾರ. ಬೆಳಿಗ್ಗೆ 6.50ಕ್ಕೆ ಅಡಿಲೇಡ್ ಬಂದರಿನ ಕಡೆಯ ವೆಲ್ಬಿ ಫ್ಲಾಟ್ ಠಾಣೆಗೆ ದೂರು ಬಂತು: ಮನೆಗಳ ಹಿಂದಿನ ಕಾಲುವೆಯಲ್ಲಿ ಹೆಂಗಸಿನ ಶವ.

ಸಾರ್ಜೆಂಟ್ ನೆರಿಡಾ ಕ್ವಿಲ್ಟಿ ಮಹಜರು ಬರೆಸಿದಳು. ಸತ್ತವಳು ಅಂತರ್ಜಲ ಪರೀಕ್ಷಿಸುತ್ತಿದ್ದ ಇಮೋಜೆನ್ ಸ್ಟ್ರಾಟನ್. ತಲೆಬುರುಡೆಯ ಹಿಂಭಾಗ ಒಳಕ್ಕೆ ಕುಸಿದಿತ್ತು. ಬಿದ್ದ ಮೇಲೂ ಹೊಡೆದಿದ್ದರು. ತಡೆಯಲೆತ್ತಿದ ಎರಡೂ ಮುಂಗೈಗಳು ಮುರಿದಿದ್ದವು. ಮಾದರಿ ನೀರಿನ ಬಾಟಲಿಗಳನ್ನೆಲ್ಲ ಜಜ್ಜಿ ಹಾಕಿದ್ದರು. ಜೇಬಿನಲ್ಲಿದ್ದ ಒಂದು ಮಾತ್ರ ಉಳಿದಿತ್ತು, ಅದರ ಮೇಲೆ ಯಾರ ಬಾವಿಯದೆಂದು ಹೆಸರಿರಲಿಲ್ಲ.

ಮುಚ್ಚಿಹೋದ ಕಾರ್ಖಾನೆಯೊಂದರ ವಿಷಕಾರಿ ದ್ರಾವಕ ಅಲ್ಲಿನ ಇಪ್ಪತ್ಮೂರು ಕೊಳವೆಬಾವಿಗಳಿಗೆ ಇಳಿದಿತ್ತು. ಕ್ವಿಲ್ಟಿ ಮನೆಮನೆಗೂ ಹೋದಳು. ಎಪ್ಪತ್ತೊಂದು ವರ್ಷದ ಕ್ಲೆಮ್ ಹ್ಯಾರಪ್ ಬಾಗಿಲಲ್ಲೇ ನಿಂತ.

"ನಿನ್ನೆ ಇಮೋಜೆನ್ ಬಂದಿದ್ಲಾ?"

"ಆಗಸ್ಟ್ ಆದ್ಮೇಲೆ ಯಾರೂ ಈ ಕಡೆ ತಲೆ ಹಾಕಿಲ್ಲಮ್ಮ."

"ಕೈಗೇನಾಯ್ತು?"

"ಗುಲಾಬಿ ಮುಳ್ಳು. ಅದಕ್ಕೂ ಕೇಸ್ ಹಾಕ್ತೀಯಾ?"

ಬಾಟಲಿ ಲ್ಯಾಬಿಗೆ ಹೋಯಿತು. ಫೆಬ್ರವರಿ 11ರಂದು ಅಲ್ಲಿನ ಡೆಸ್ಮಂಡ್ ಪ್ಯಾಂಗ್ ಫೋನ್ ಮಾಡಿದ.

"ಆ ದ್ರಾವಕದ ಇಂಗಾಲದಲ್ಲಿ ಹಗುರದ್ದು, ಭಾರದ್ದು ಎರಡೂ ಇರುತ್ತೆ. ಬ್ಯಾಕ್ಟೀರಿಯಾ ವಿಷ ತಿನ್ನುವಾಗ ಹಗುರದ್ದು ಬೇಗ ಖಾಲಿಯಾಗಿ, ಉಳಿದಿದ್ದರಲ್ಲಿ ಭಾರದ್ದು ಹೆಚ್ಚುತ್ತೆ. ಆಗಸ್ಟಲ್ಲಿ ಅವಳು ತಂದ ನೀರಲ್ಲಿ ಇಪ್ಪತ್ತೆರಡು ಬಾವಿಗಳದ್ದೂ ಹಾಗೇ ಇತ್ತು. ಒಂದ್ರಲ್ಲಿ ಮಾತ್ರ ವಿಷ ಸುರಿದ ದಿನ ಹೇಗಿತ್ತೋ ಹಾಗೇ ಇತ್ತು. ಈ ಬಾಟಲೀದೂ ಅದೇ ಲೆಕ್ಕ."

"ಯಾರ ಬಾವಿ?"

"ಹ್ಯಾರಪ್ ಅವರದ್ದು."

"ಇದೂ ಆಗಸ್ಟಿಂದೇ ಇರಬಹುದಲ್ಲ?"

"ಆ ಬಾಟಲಿ ನಾನು ಅವಳ ಕೈಗೆ ಕೊಟ್ಟಿದ್ದೇ ಫೆಬ್ರವರಿ ಒಂದು, ಸೋಮವಾರ ಬೆಳಿಗ್ಗೆ."

ಮಧ್ಯಾಹ್ನ 3.15ಕ್ಕೆ ಪೊಲೀಸರು ಹಿತ್ತಲಿಗೆ ನುಗ್ಗಿದರು. ಹ್ಯಾರಪ್ ಸನಿಕೆ ಬೀಸಿದ. ಕಾನ್‌ಸ್ಟೆಬಲ್ ಬೆವನ್ ಟೂಹಿಯ ಭುಜದ ಮೂಳೆ ಲಟಕ್ಕೆಂದಿತು. ಮುದುಕನನ್ನು ನೆಲಕ್ಕೆ ಕೆಡವಲು ಮೂವರು ಬೇಕಾದರು. ಶೆಡ್ಡಿನಲ್ಲಿ ಪೈಪ್ ಸ್ಪ್ಯಾನರ್ ಸಿಕ್ಕಿತು. ಅದರ ಹಲ್ಲುಗಳಲ್ಲಿ ರಕ್ತ, ಕೂದಲು.

"ಯಾಕೆ ಹೊಡೆದೆ?" ಠಾಣೆಯಲ್ಲಿ ಕ್ವಿಲ್ಟಿ ಕೇಳಿದಳು.

"ನನ್ನ ಹೆಂಡ್ತಿ ಮಾರ್ಜ್ ಆ ನೀರಲ್ಲೇ ಟೊಮೆಟೊ ಬೆಳೆದು ತಿಂದ್ಲು. ಲಿವರ್ ಹೋಗಿ, ನರಳಿ ನರಳಿ ಸತ್ಲು. ನೀರು ತಾನಾಗೇ ಶುದ್ಧ ಆಗ್ತಿದೆ ಅಂತ ಪರೀಕ್ಷೆ ಮಾಡೋರು ಮನೆಗೆ ಕಾಗದ ಕಳಿಸಿದ್ರು. ಈ ಹುಡುಗೀನೂ ನೀರು ತಗೊಂಡು ಬಾಟಲಿ ಪೆಟ್ಟಿಗೆ ಮುಚ್ತಾ 'ಶುದ್ಧ ಆಗೋ ವಿಷಯ' ಅಂತ ಶುರು ಮಾಡಿದ್ಲು. ಮುಗಿಸೋಕೆ ಬಿಡಲಿಲ್ಲ."

ಇಮೋಜೆನ್‌ಳ ಕಂಪ್ಯೂಟರನ್ನು ಅಂದಷ್ಟೇ ತೆರೆಸಿದ್ದರು. ಅದರಲ್ಲಿದ್ದ ಟಿಪ್ಪಣಿಯನ್ನು ಕ್ವಿಲ್ಟಿ ಅವನ ಮುಂದಿಟ್ಟಳು: 'ಹ್ಯಾರಪ್ ಹೇಳುತ್ತಿದ್ದುದೇ ನಿಜ. ಅವರ ಬಾವಿ ಶುದ್ಧವಾಗುತ್ತಿಲ್ಲ. ಮತ್ತೊಮ್ಮೆ ನೀರು ತೆಗೆದು, ಮುಖತಃ ಹೇಳಿ, ಕ್ಷಮೆ ಕೇಳಬೇಕು.'

ಹ್ಯಾರಪ್ ಎರಡು ಸಲ ಓದಿದ.

"ಇದನ್ನ ಯಾರೂ ನಂಗೆ ಹೇಳಲೇ ಇಲ್ಲವಲ್ಲ."

"ಹೇಳೋಕೇ ಬಂದಿದ್ಲು," ಎಂದಳು ಕ್ವಿಲ್ಟಿ.